ಮ್ಯಾಗ್ನೆಟೊಗೆ ಹೊಲಿದ ಸಂಚಿ

ಈಗಿನ ಹುಡುಗರು ಲಾರಿಯ ಬಾನೆಟ್ ಎತ್ತಿ, ಪೈಪು ಹಿಡಿದು ಇಂಜಿನ್ನಿನ ಮೇಲೆ ನೀರು ಸುರಿಯುವುದನ್ನು ಕಂಡರೆ ನನಗೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ‘ಏನೂ ಆಗಲ್ಲ ತಾತ, ಸುಮ್ನಿರಿ’ ಎನ್ನುತ್ತಾರೆ. ಏನೂ ಆಗುವುದಿಲ್ಲ, ನಿಜ. ಈಗಿನ ಸಾಮಾನು ಹಾಗಿದೆ. ನಮ್ಮ ಕಾಲದಲ್ಲಿ ತಪ್ಪಿದ ಜಾಗಕ್ಕೆ ಒಂದು ಹನಿ ಬಿದ್ದರೆ ಲಾರಿ ಸತ್ತ ಎಮ್ಮೆಯ ಹಾಗೆ ಬಿದ್ದಿರುತ್ತಿತ್ತು.

ನಾನು ದುಡಿದ ಲಾರಿ ರಿಪೇರಿ ಶೆಡ್ಡಿಗೆ ಹೊಸದಾಗಿ ಸೇರಿದ ಹುಡುಗರೇ ನನ್ನನ್ನು ಬರೆಯಲು ಹಚ್ಚಿದವರು. ನಾನು ಯಾವಾಗ ಮೇಸ್ತ್ರಿಯಾದೆ, ಕೆಲಸ ಬಿಡುವಾಗ ಯಾರು ಹಾರ ಹಾಕಿದರು, ಅದೆಲ್ಲ ಯಾರಿಗೆ ಬೇಕು? ಬರೆಯಲು ಕೂತರೆ ನನಗೆ ಹೊಳೆಯುವುದೆಲ್ಲ ತಲೆ ತಗ್ಗಿಸಿದ ಸಂದರ್ಭಗಳೇ. ನನಗೆ ನಾಚಿಕೆ ಬೇಗ. ಹೆಂಡತಿ ಇದ್ದಾಗ, ‘ನಿಮಗೆ ಊಟ ಬಡಿಸಿಕೊಳ್ಳೋಕೂ ನಾಚಿಕೆ’ ಎಂದು ಬೈಯುತ್ತಿದ್ದಳು. ಅದು ಹುಟ್ಟುಗುಣ ಎಂದು ಅವಳು ತಿಳಿದಿದ್ದಳು. ಅರ್ಧ ಹುಟ್ಟುಗುಣ ಇರಬಹುದು, ಇನ್ನರ್ಧ ಕೆಲಸದಲ್ಲಿ ಬಂದದ್ದು.

ನಮ್ಮ ಊರು ಮಾಚೇನಹಳ್ಳಿ, ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ. ಅಪ್ಪಯ್ಯನಿಗೆ ಒಂದಿಷ್ಟು ಗದ್ದೆ, ಒಂದು ಗಾಡಿ, ಒಂದು ಜೊತೆ ಎತ್ತು. ಒಂದರ ಹೆಸರು ಕೆಂಚ, ಇನ್ನೊಂದರದು ಬೂದ. ಕಾಡಿನ ಕಂಟ್ರಾಕ್ಟು ಹಿಡಿದಿದ್ದ ಸಾಹುಕಾರರೊಬ್ಬರಿಗೆ ಅಪ್ಪಯ್ಯ ಗಾಡಿಯಲ್ಲಿ ದಿಮ್ಮಿ ಸಾಗಿಸುತ್ತಿದ್ದ. ಸಾಹುಕಾರರು ಲಾರಿ ತಂದರು. ಶಂಕರಘಟ್ಟದ ಆಚೆಯ ಕಾಡಿನಿಂದ ಮರ, ಇದ್ದಿಲು ಹೇರಿಕೊಂಡು ಭದ್ರಾವತಿಗೆ ಇಳಿಸಬೇಕು, ಶಿವಮೊಗ್ಗದ ಶೆಡ್ಡಿನಲ್ಲಿ ರಿಪೇರಿ. ಗಾಡಿಯವರೆಲ್ಲ ಲಾರಿಯನ್ನು ಶಪಿಸುತ್ತಿದ್ದಾಗ ಅಪ್ಪಯ್ಯ ಮಾತ್ರ ಸಾಹುಕಾರರ ಮುಂದೆ ನಿಂತು, ‘ನನ್ ಮಗನ್ನ ಅದ್ರ ಕೆಲಸಕ್ಕೆ ಸೇರಿಸ್ಕೊಳಿ ಧಣಿ. ಓದು ಹತ್ತಲಿಲ್ಲ, ಕೈ ಚುರುಕೈತೆ’ ಎಂದ. ನಾನು ಹಾಗೆ ಸೇರಿದವನು.

ಶೆಡ್ಡಿನ ಹೆಡ್ ಮೇಸ್ತ್ರಿ ಪೀರ್ ಸಾಬರು. ತೆಳ್ಳಗಿನ ಮನುಷ್ಯ, ಬೆರಳ ತುದಿ ಯಾವಾಗಲೂ ಕಪ್ಪು, ಟೋಪಿ ಯಾವಾಗಲೂ ಬಿಳಿ. ಅವರು ನನಗೆ ಕೊಟ್ಟದ್ದು ಒಂದೇ ಕೆಲಸ, ಮ್ಯಾಗ್ನೆಟೊ ಕಾಯುವುದು. ಮ್ಯಾಗ್ನೆಟೊ ಎಂದರೆ ಇಂಜಿನ್ನಿನ ಪಕ್ಕದಲ್ಲಿ ಕೂರುವ ಒಂದು ಸಣ್ಣ ಪೆಟ್ಟಿಗೆ. ಅದು ತಿರುಗಿದರೆ ಕಿಡಿ, ಕಿಡಿ ಬಿದ್ದರೆ ಪೆಟ್ರೋಲ್ ಹತ್ತುತ್ತದೆ. ಅದರಿಂದ ನಾಲ್ಕು ದಪ್ಪ ವೈರು ನಾಲ್ಕು ಪ್ಲಗ್ಗಿಗೆ ಹೋಗುತ್ತವೆ. ನೀರು ಅಥವಾ ಕೆಸರು ತಾಗಿದರೆ ಕಿಡಿ ಪ್ಲಗ್ಗಿಗೆ ಹೋಗದೆ ಅಡ್ಡದಾರಿ ಹಿಡಿದು ಕಬ್ಬಿಣಕ್ಕೆ ಇಳಿದುಬಿಡುತ್ತದೆ. ಲಾರಿ ನಿಂತಿತು. ಕಾಡಿನ ದಾರಿಯಲ್ಲಿ ನೀರೂ ಕೆಸರೂ ಬಿಟ್ಟು ಬೇರೇನಿತ್ತು?

ಸೇರಿದ ಮೊದಲ ಮಳೆಗಾಲದಲ್ಲೇ ಮಾನ ಕಳೆದುಕೊಂಡೆ. ಒದ್ದೆಯಾದ ಮ್ಯಾಗ್ನೆಟೊ ಬಿಚ್ಚಿ ಒಣಗಿಸಬೇಕು, ವಾರಗಟ್ಟಲೆ ಬಿಸಿಲೇ ಇಲ್ಲ. ಪೀರ್ ಸಾಬರಿಗೆ ಬಜಾರಿನಲ್ಲಿ ಬ್ರೆಡ್ಡಿನ ಭಟ್ಟಿ ಇಟ್ಟಿದ್ದ ನೆಂಟರೊಬ್ಬರಿದ್ದರು. ‘ಬೆಂಕಿ ಎಳೆದ ಮೇಲೆ ಇಡು ಬೇಟಾ. ಒಳಗೆ ಕೈ ಇಟ್ರೆ ತಡ್ಕೊಳೋ ಹಂಗಿರ್ಬೇಕು ಶಾಖ. ಅಲ್ಲೇ ಕೂತಿರು’ ಎಂದು ಹೇಳಿ ಕಳಿಸಿದರು. ನಾನು ಇಟ್ಟೆ. ಯಾರ ಕೈಗೂ ಸಿಗಬಾರದೆಂದು ಒಳಗೆ ಮೂಲೆಗೆ ತಳ್ಳಿದೆ. ಆಮೇಲೆ ಚಹಾ ಕುಡಿಯಲು ಹೋಗಿ, ಯಾರೋ ಊರವರು ಸಿಕ್ಕಿ, ಮಾತಿಗೆ ನಿಂತುಬಿಟ್ಟೆ. ಭಟ್ಟಿಯವರು ಸಂಜೆಯ ಬ್ರೆಡ್ಡಿಗೆಂದು ಬೆಂಕಿ ಹಾಕಿದರು. ಮ್ಯಾಗ್ನೆಟೊದ ಒಳಗಿನ ತಂತಿಗೆ ಬಳಿದಿದ್ದ ಅರಗು ಕರಗಿ ಹರಿಯಿತು. ಆ ವಾಸನೆ ಬ್ರೆಡ್ಡಿಗೆಲ್ಲ ಹತ್ತಿತು. ಬಜಾರಿನಲ್ಲಿ ಕೊಂಡವರು ವಾಪಸ್ ತಂದು, ‘ಏನ್ ಸಾಬ್ರೆ, ಪೋಸ್ಟಾಫೀಸಿನ ಅರಗು ಹಾಕಿ ಬೇಯಿಸಿದೀರಾ?’ ಎಂದು ಕೇಳತೊಡಗಿದರು.

ಪೀರ್ ಸಾಬರು ನನಗೆ ಹೊಡೆಯುತ್ತಾರೆಂದು ಕಾದೆ. ಅವರು ಹೊಡೆಯಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ, ನನ್ನ ಎದುರಿಗೇ ಆ ನೆಂಟರ ಮುಂದೆ ಕೈ ಮುಗಿದರು. ‘ನಮ್ಮ ಹುಡುಗ. ನಾನೇ ಸರಿಯಾಗಿ ಹೇಳಿಕೊಡ್ಲಿಲ್ಲ’ ಎಂದರು. ಎರಡು ಏಟು ಬಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಜಾರಿನ ಆ ಬೀದಿಯಲ್ಲಿ ನನಗೆ ‘ಬ್ರೆಡ್ ಮೇಸ್ತ್ರಿ’ ಎಂಬ ಹೆಸರು ಬಿತ್ತು. ನಾನು ಅಲ್ಲಿಂದ ಮುಂದೆ ಸುತ್ತು ಬಳಸಿ ಓಡಾಡಿದೆ.

ಇನ್ನೊಂದು ಆಯುಧಪೂಜೆಯದು. ನಮ್ಮ ಲಾರಿಯ ಡ್ರೈವರ್ ರಂಗಪ್ಪ, ಬಾಯಿ ಜೋರು, ಭಕ್ತಿಯೂ ಜೋರು. ಬೆಳಿಗ್ಗೆಯೇ ಕೊಡಗಟ್ಟಲೆ ನೀರು ಹೊಯ್ದು ಲಾರಿ ತೊಳೆದ. ಬಾನೆಟ್ ತೆಗೆದು ಒಳಗೂ ತೊಳೆದ. ವಿಭೂತಿ ಕಲಸಿ ಮ್ಯಾಗ್ನೆಟೊಗೆ ಮೂರು ಪಟ್ಟೆ ಎಳೆದ, ಒಂದೊಂದು ಪ್ಲಗ್ಗಿಗೂ ಅರಿಶಿನ ಕುಂಕುಮದ ಬೊಟ್ಟಿಟ್ಟ. ತಡೆಯಬೇಕಾದ ನಾನು ಏನು ಮಾಡಿದೆ? ನನ್ನ ಅನ್ನ ಕೊಡುವ ಸಾಮಾನು ಎಂದು ಮೇಲೆ ಇನ್ನೂ ನಾಲ್ಕು ಬೊಟ್ಟು ಹೆಚ್ಚಿಗೆ ಇಟ್ಟೆ. ಸಾಹುಕಾರರ ತಾಯಿ, ವಯಸ್ಸಾದವರು, ಲಾರಿ ನಿಂಬೆಹಣ್ಣಿನ ಮೇಲೆ ಹಾಯುವುದನ್ನು ನೋಡಲು ಬಂದು ಕುರ್ಚಿಯಲ್ಲಿ ಕೂತಿದ್ದರು. ರಂಗಪ್ಪ ಇಂಜಿನ್ ಹೊತ್ತಿಸಲು ಮುಂದೆ ಹ್ಯಾಂಡಲ್ ಹಾಕಿ ತಿರುವಿದ, ತಿರುವಿದ, ಪಂಚೆ ಬಿಚ್ಚಿಹೋಗುವ ತನಕ ತಿರುವಿದ. ಲಾರಿ ಕೆಮ್ಮಲೂ ಇಲ್ಲ.

ಪೀರ್ ಸಾಬರು ಪೂಜೆ ನಡೆಯುವಾಗ ಗೇಟಿನ ಹತ್ತಿರ ದೂರ ನಿಲ್ಲುತ್ತಿದ್ದರು. ಬಂದು ಬಗ್ಗಿ ನೋಡಿದರು. ಒದ್ದೆ ಕುಂಕುಮ ವೈರಿನ ಬುಡದಿಂದ ಕಬ್ಬಿಣದವರೆಗೆ ಹರಿದು ಕಿಡಿಗೆ ಸೇತುವೆ ಕಟ್ಟಿತ್ತು. ಕೈಯಲ್ಲಿ ಬಟ್ಟೆ ಹಿಡಿದವರು ಹಾಗೇ ನಿಂತು ನನ್ನ ಕಿವಿಯಲ್ಲಿ, ‘ನೀನೇ ಒರೆಸು. ನಾನ್ ಒರೆಸಿದ್ರೆ ಚೆನ್ನಾಗಿರಲ್ಲ’ ಎಂದರು. ನಾನು ಒರೆಸತೊಡಗಿದೆ.

‘ಇಟ್ಟ ಕುಂಕುಮ ಅಳಿಸ್ತಾ ಇದೀಯೇನೋ?’ ಎಂದರು ಅಜ್ಜಿ.

‘ಇಂಜಿನ್ ದೇವ್ರು ಮೂತಿ ಮೇಲೆ ಇರೋದು ಅಮ್ಮ, ಒಳಗೆ ಇರಲ್ಲ’ ಎಂದೆ. ಎಲ್ಲಿಂದ ಬಂತೋ ಆ ಸುಳ್ಳು.

ಅವರು ನಂಬಿದರು. ಅಂದಿನಿಂದ ನಮ್ಮ ಶೆಡ್ಡಿನಲ್ಲಿ ಬೊಟ್ಟು, ಹಾರ ಎಲ್ಲ ಲಾರಿಯ ಮೂತಿಯ ರೇಡಿಯೇಟರಿಗೆ ಮಾತ್ರ. ಹೊಸ ಹುಡುಗರಿಗೆ ರಂಗಪ್ಪ, ದೇವರು ಮೂತಿಯ ಮೇಲೆ ಇರುತ್ತಾನೆಂದು ಗಂಭೀರವಾಗಿ ಹೇಳಿಕೊಡುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

ಇವೆಲ್ಲ ನಗುವ ವಿಷಯ. ಈಗ ಹೇಳುವುದು ಹಾಗಲ್ಲ.

ಶಂಕರಘಟ್ಟ ದಾಟಿ ಕಾಡಿಗೆ ಹೋಗುವ ದಾರಿಗೆ ಒಂದು ಹಳ್ಳ ಅಡ್ಡ ಬರುತ್ತಿತ್ತು. ನಾವು ಜೋಡಿಹಳ್ಳ ಎನ್ನುತ್ತಿದ್ದೆವು. ಸೇತುವೆ ಇಲ್ಲ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ನೀರು, ಮಳೆ ಹಿಡಿದರೆ ಸೊಂಟದವರೆಗೆ. ಲಾರಿ ನೀರಿಗೆ ಇಳಿದರೆ ಮುಂದಿನ ಫ್ಯಾನು ನೀರನ್ನು ಬಾಚಿ ಬಾಚಿ ಇಂಜಿನ್ನಿಗೆ ಎರಚುತ್ತಿತ್ತು. ನಡುಹಳ್ಳದಲ್ಲಿ ಲಾರಿ ನಿಲ್ಲುವುದು ದಿನದ ಪಾಡು. ಅದನ್ನು ಎಳೆದು ದಡ ಹತ್ತಿಸಲು ಸಾಹುಕಾರರು ಮಳೆಗಾಲ ಪೂರ್ತಿ ಅಲ್ಲೊಂದು ಜೊತೆ ಎತ್ತು ನಿಲ್ಲಿಸುತ್ತಿದ್ದರು. ಆ ಎತ್ತು ಕೆಂಚ, ಬೂದ. ಮಿಕ್ಕ ಗಾಡಿಯವರಿಗೆಲ್ಲ ಲಾರಿ ಬಂದ ಮೇಲೆ ಕೆಲಸ ಹೋಗಿತ್ತು. ಅಪ್ಪಯ್ಯನಿಗೆ ಉಳಿದದ್ದು ಈ ಹಳ್ಳದ ಕೆಲಸ ಒಂದೇ. ಎತ್ತಿನ ಮೇವು, ಮನೆಯ ಖರ್ಚು ಅದರಲ್ಲೇ ನಡೆಯಬೇಕು.

ಈಗ ನೋಡಿ ನಮ್ಮ ಸಂಸಾರದ ಸೊಗಸು. ಲಾರಿ ನಿಲ್ಲದಂತೆ ನೋಡಿಕೊಳ್ಳುವವನು ನಾನು, ನಿಂತರೆ ಎಳೆಯುವವನು ಅಪ್ಪಯ್ಯ. ನಾನು ಮ್ಯಾಗ್ನೆಟೊಗೆ ಗೋಣಿ ಸುತ್ತಿದೆ, ಟಾರ್ಪಾಲಿನ ಚೂರು ಕಟ್ಟಿದೆ, ತಗಡಿನ ಅಡ್ಡ ಇಟ್ಟೆ. ಎಲ್ಲಕ್ಕೂ ನೀರು ನುಗ್ಗಿತು. ನಡುಹಳ್ಳದಲ್ಲಿ ಲಾರಿ ನಿಂತ ಕೂಡಲೇ ರಂಗಪ್ಪ ಕೂಗುತ್ತಿದ್ದ, ‘ಬಾರೋ ಮಾರಾಯ, ನಿನ್ ಮಗ ಕಟ್ಟಿದ್ದು ಮತ್ತೆ ನೀರು ಕುಡೀತು.’

ಅಪ್ಪಯ್ಯ ಎತ್ತು ಇಳಿಸುತ್ತ, ‘ಮಗ ನಿಲ್ಲಿಸ್ತಾನೆ, ಅಪ್ಪ ಎಳೀತಾನೆ. ಮನೆ ನಡೀಬೇಕಲ್ಲಪ್ಪ’ ಎನ್ನುತ್ತಿದ್ದ. ಮೇಲೆ ಕೂತ ಆಳುಗಳೆಲ್ಲ ನಗುತ್ತಿದ್ದರು. ನಾನು ಬಾನೆಟ್ಟಿನ ಒಳಗೆ ತಲೆ ತೂರಿಸಿ ಏನೋ ಮಾಡುವವನ ಹಾಗೆ ನಟಿಸುತ್ತಿದ್ದೆ.

ಒಂದು ಸಲ ಆ ಮಾತು ಸಾಹುಕಾರರ ಕಿವಿಗೆ ಬಿತ್ತು. ಅವರು ಅಂದು ದಡದಲ್ಲೇ ನಿಂತಿದ್ದರು. ನಗಲಿಲ್ಲ. ‘ಅಪ್ಪ ಮಗ ಸೇರ್ಕೊಂಡು ನನ್ನತ್ರ ಆಟ ಆಡ್ತಿದೀರೇನೋ?’ ಎಂದರು. ‘ನಿಲ್ಸೋದಕ್ಕೂ ಕೂಲಿ, ಎಳೆಯೋದಕ್ಕೂ ಕೂಲಿ. ಚೆನ್ನಾಗೈತೆ ನಿಮ್ಮ ವ್ಯಾಪಾರ.’

ಅಪ್ಪಯ್ಯನ ಮುಖ ನೋಡಿದೆ. ಅವನು ಜೀವಮಾನದಲ್ಲಿ ಇನ್ನೊಬ್ಬರ ಹೊಲದ ಹುಲ್ಲು ಮುಟ್ಟಿದವನಲ್ಲ. ‘ತಮಾಷೆಗೆ ಅಂದಿದ್ದು ಧಣಿ’ ಎಂದ. ಅಂದು ಎತ್ತಿಗೆ ಒಂದು ಮಾತೂ ಆಡದೆ ಲಾರಿ ಎಳೆಸಿದ. ಆಮೇಲೆ ಆ ತಮಾಷೆ ಮಾಡಲೇ ಇಲ್ಲ. ಹೇಗಾದರೂ ಮಾಡಿ ಈ ದರಿದ್ರದ ಪೆಟ್ಟಿಗೆಯೊಳಕ್ಕೆ ನೀರು ಹೋಗದ ಹಾಗೆ ಮಾಡಿ ನಾವು ಕಳ್ಳರಲ್ಲ ಎಂದು ತೋರಿಸಲೇಬೇಕು ಎಂದು ನಾನು ಅಂದು ಹಠ ಹಿಡಿದೆ. ಹಠದ ಇನ್ನೊಂದು ತುದಿ ಎಲ್ಲಿಗೆ ಹೋಗುತ್ತದೆಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಅದೇ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಮೇಲೆ ಕಾಡಿನಲ್ಲಿ ಮಳೆ ಸುರಿದು ಹಳ್ಳ ಇದ್ದಕ್ಕಿದ್ದ ಹಾಗೆ ಏರಿತು. ಲಾರಿ ನಡುವೆ ನಿಂತಿತ್ತು, ಇದ್ದಿಲ ಮೂಟೆಗಳ ಮೇಲೆ ಆಳುಗಳು ಕೂತಿದ್ದರು. ನೀರು ಕೆಂಪಗೆ ತಿರುಗಿ ಸೀಟಿನವರೆಗೆ ಬಂತು. ಅಪ್ಪಯ್ಯ ಎದೆಮಟ್ಟದ ನೀರಿಗೆ ಎತ್ತು ಇಳಿಸಿ, ಹಗ್ಗ ಕಟ್ಟಿ, ತಾನೂ ನೊಗಕ್ಕೆ ಭುಜ ಕೊಟ್ಟು ಎಳೆದ. ಬೂದ ಒಮ್ಮೆ ಮಂಡಿಯೂರಿ ಮತ್ತೆ ಎದ್ದಿತು. ಲಾರಿ ದಡ ಸೇರಿ ಸ್ವಲ್ಪ ಹೊತ್ತಿಗೆ ನೋಡಿದರೆ, ಅದು ನಿಂತಿದ್ದ ಜಾಗದಲ್ಲಿ ಒಂದು ಇಡೀ ಮರ ತೇಲಿಕೊಂಡು ಹೋಯಿತು. ರಂಗಪ್ಪನ ಜೋರು ಬಾಯಿ ಅವತ್ತು ಕಟ್ಟಿಹೋಗಿತ್ತು.

ದಡದಲ್ಲಿ ಕೂತು ಅಪ್ಪಯ್ಯ ಸೊಂಟದಿಂದ ಸಂಚಿ ತೆಗೆದ. ಎಲೆ ಅಡಿಕೆ, ಹೊಗೆಸೊಪ್ಪು ಇಟ್ಟುಕೊಳ್ಳುವ ಬಟ್ಟೆಯ ಚೀಲ, ಬಾಯಿಗೆ ದಾರ ಪೋಣಿಸಿದ್ದು, ಎಳೆದರೆ ಬಿಗಿಯುತ್ತದೆ. ಎದೆಮಟ್ಟ ನೀರಲ್ಲಿ ಇದ್ದು ಬಂದವನ ಹೊಗೆಸೊಪ್ಪು ಒಣಗಿಕೊಂಡೇ ಇತ್ತು.

‘ಇದ್ಯಾಕೆ ಒದ್ದೆಯಾಗಿಲ್ಲ ಅಪ್ಪಯ್ಯ?’ ಎಂದೆ.

‘ಜೇನುಮೇಣ ತಿಕ್ಕಿದೀನಿ. ಬರೀ ಮೇಣ ತಿಕ್ಕಿದ್ರೆ ಮಡಿಕೇಲಿ ಒಡೀತದೆ. ಸ್ವಲ್ಪ ಹೊಂಗೆ ಎಣ್ಣೆ ಹಾಕ್ಬೇಕು, ಬಿಸಿ ಇರುವಾಗ್ಲೇ’ ಎಂದ. ಅನುಮಾನವೇ ಇಲ್ಲದೆ ಸಂಚಿಯನ್ನು ನನ್ನ ಕೈಗೆ ಕೊಟ್ಟ. ‘ತಗೋ, ನೋಡು. ನಿನ್ ಮಿಶನ್ನಿಗೂ ಇಂಥದೊಂದು ಹೊಲ್ಕೋ.’

ಹೊಲಿದುಕೊಂಡೆ. ಡೇರೆ ಬಟ್ಟೆಗೆ ಮೇಣ, ಎಣ್ಣೆ ಕುಡಿಸಿ, ಮ್ಯಾಗ್ನೆಟೊ ಅಳತೆಗೆ ಸಂಚಿ ಹೊಲಿದೆ. ನಾಲ್ಕು ವೈರು ಹೊರಬರುವ ಕಡೆ ಸೈಕಲ್ ಟ್ಯೂಬಿನ ತೋಳು ಹಾಕಿ ಮೇಣದ ದಾರದಿಂದ ಸುತ್ತಿದೆ. ಮೊದಲು ಎಲ್ಲ ಕಡೆಯಿಂದಲೂ ಗಾಳಿ ಹೋಗದಂತೆ ಬಿಗಿದಿದ್ದೆ. ಲಾರಿ ಹಳ್ಳವನ್ನೇನೋ ದಾಟಿತು, ಆದರೆ ಎರಡನೆಯ ದಿನ ಒಣ ದಾರಿಯಲ್ಲಿ ಲಾರಿ ನಿಂತಿತು. ಬಿಚ್ಚಿದರೆ ಒಳಗೆಲ್ಲ ಬೆವರು. ಬಿಸಿಯಾಗಿ ತಣ್ಣಗಾಗುವ ಸಾಮಾನು, ಅದಕ್ಕೂ ಉಸಿರು ಬೇಕು. ಪೀರ್ ಸಾಬರು, ‘ಮೇಲೆ ಟೋಪಿ ಹಾಕು, ಕೆಳಗೆ ಬಾಗಿಲು ಬಿಡು’ ಎಂದರು. ಸಂಚಿಯನ್ನು ತಲೆಕೆಳಗು ಮಾಡಿ, ಬಾಯಿ ಕೆಳಕ್ಕೆ ಬರುವಂತೆ ಕಟ್ಟಿ, ಒಂದು ಬೆರಳು ಹೋಗುವಷ್ಟು ಸಂದು ಬಿಟ್ಟೆ. ಮೇಲಿಂದ ಬಿದ್ದದ್ದು ಜಾರುತ್ತಿತ್ತು, ಒಳಗಿನ ಬೆವರು ಇಳಿಯುತ್ತಿತ್ತು. ಹಳ್ಳಕ್ಕೆ ಇಳಿಯುವ ಮುಂಚೆ ಫ್ಯಾನಿನ ಬೆಲ್ಟ್ ಕಳಚಿಬಿಡುವ ರೂಢಿ ಮಾಡಿದೆವು, ನೀರು ಎರಚುವುದು ನಿಂತಿತು. ಮೆಟ್ಟಿಲ ಹಲಗೆಯ ಮೇಲಿದ್ದ ಬ್ಯಾಟರಿಯನ್ನು ಸೀಟಿನ ಅಡಿಗೆ ಏರಿಸಿ ಅದರ ವೈರು ಬಿಗಿಯುವ ಕೊಂಬುಗಳಿಗೆ ಗ್ರೀಸ್ ಮೆತ್ತಿದೆ. ಈಗ ಓದುವವರು, ಇಷ್ಟಕ್ಕೆ ಇಷ್ಟು ಮಾತೇ ಎಂದು ನಗಬಹುದು. ಇಷ್ಟನ್ನೂ ಕಲಿಯಲು ನಮಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು.

ಮುಂದಿನ ಮಳೆಗೆ ಲಾರಿಗಳು ಜೋಡಿಹಳ್ಳವನ್ನು ಹಾಯ್ದುಕೊಂಡು ಹೋದವು. ನೀರಿಗೆ ಇಳಿದು, ಗುಡುಗುಡು ಎನ್ನುತ್ತ, ಆಚೆ ದಡ ಹತ್ತಿ, ನಿಂತು, ಬೆಲ್ಟ್ ಹಾಕಿಕೊಂಡು ಹೊರಟುಹೋಗುತ್ತಿದ್ದವು. ಅಪ್ಪಯ್ಯ ಎತ್ತಿನ ಹಗ್ಗ ಹಿಡಿದು ದಡದಲ್ಲಿ ನಿಂತಿರುತ್ತಿದ್ದ. ಮೊದಲ ಸಲ ದಾಟಿದಾಗ ಅವನು ಟವಲ್ ಬೀಸಿದ. ‘ಭೇಷ್ ಮಗಾ’ ಎಂದು ಕೂಗಿದ. ಆಮೇಲಾಮೇಲೆ ಕೂಗಲಿಲ್ಲ. ದಿನವಿಡೀ ಎತ್ತಿಗೆ ಹುಲ್ಲು ಹಾಕಿ, ಮೈ ತೊಳೆದು, ನೊಣ ಓಡಿಸಿ, ಸಂಜೆ ಮನೆಗೆ ಹೊಡೆದುಕೊಂಡು ಬರುತ್ತಿದ್ದ.

ಒಂದು ಬೆಳಿಗ್ಗೆ ಸಾಹುಕಾರರು ಶೆಡ್ಡಿಗೆ ಬಂದು ಎಲ್ಲರೆದುರು ನನಗೆ ಒಂದು ಜರಿಯಂಚಿನ ಪಂಚೆ ಕೊಟ್ಟರು. ‘ನಿನ್ನ ಮೇಲೆ ಅನುಮಾನ ಪಟ್ಟಿದ್ದೆ ಕಣೋ, ಮನಸ್ಸಿಗೆ ಹಚ್ಕೋಬೇಡ’ ಎಂದರು. ನನ್ನ ಎದೆ ಉಬ್ಬಿತು. ಅದೇ ಉಸಿರಿನಲ್ಲಿ ಪೀರ್ ಸಾಬರ ಕಡೆ ತಿರುಗಿ, ‘ಇನ್ನು ಹಳ್ಳದ ಹತ್ರ ಎತ್ತು ಯಾಕೆ ಮೇಸ್ತ್ರಿ? ಈ ತಿಂಗಳು ಮುಗೀಲಿ, ಬರೋದು ಬೇಡ ಅಂತ ಹೇಳ್ಬಿಡಿ’ ಎಂದರು. ಪೀರ್ ಸಾಬರು ನನ್ನ ಮುಖ ನೋಡಿದರು. ನಾನು ಪಂಚೆಯನ್ನು ಹಿಡಿದುಕೊಂಡು ನಿಂತಿದ್ದೆ. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಮನೆಯಲ್ಲಿ ಆ ಪಂಚೆ ತೋರಿಸಲಿಲ್ಲ. ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಮಾರನೆಯ ದಿನ ನಾನು ಕೆಲಸಕ್ಕೆ ಹೊರಡುವಾಗ ಅಪ್ಪಯ್ಯ ಕೊಟ್ಟಿಗೆಯಿಂದ ಕರೆದ. ಕೆಂಚನ ಕತ್ತು ತುರಿಸುತ್ತ ನಿಂತಿದ್ದ. ನನ್ನ ಕಡೆ ನೋಡದೆ ಮಾತಾಡಿದ.

‘ಮಗಾ, ಆ ಸಂಚಿ ದಿನಾ ನೀನೇ ಕಟ್ಟೋದಾ?’

‘ಹೂಂ, ನಾನೇ.’

‘ಒಂದೆರಡು ಸಲ... ಸ್ವಲ್ಪ ಸಡಿಲ ಕಟ್ಟೋಕಾಗಲ್ವೇನೋ?’ ಎಂದ. ‘ತುಂಬಾ ಬೇಡ. ಈ ತಿಂಗಳಲ್ಲಿ ಒಂದೆರಡು ಸಲ ನಿಂತ್ರೆ ಸಾಕು. ಎತ್ತು ಬೇಕು ಅಂತ ಧಣಿಗೆ ಅನ್ನಿಸ್ಬೇಕಲ್ಲ.’

ಬೇರೆಯವರು ಕೇಳಿದ್ದರೆ ಬೈಯಬಹುದಿತ್ತು. ಕಳ್ಳರೆಂದು ಕರೆಸಿಕೊಂಡಾಗ ಮುಖ ಸಣ್ಣ ಮಾಡಿಕೊಂಡಿದ್ದ ಮನುಷ್ಯ ಅದೇ ಕೆಲಸವನ್ನು ನನ್ನ ಹತ್ತಿರ ಬೇಡುತ್ತಿದ್ದ. ಅವನಿಗೂ ಗೊತ್ತಿತ್ತು. ಕೇಳಿದ ಕೂಡಲೇ ಅವನ ಕಿವಿ ಕೆಂಪಾಯಿತು. ನನ್ನದೂ ಆಗಿರಬೇಕು. ಇಬ್ಬರೂ ಎತ್ತಿನ ಕತ್ತು ನೋಡುತ್ತ ನಿಂತೆವು.

ಅಂದು ಶೆಡ್ಡಿನಲ್ಲಿ ಸಂಚಿಯ ದಾರ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತೆ. ಹಿಂದಿನ ವರ್ಷದ ಕೆಂಪು ನೀರು ಕಣ್ಣಮುಂದೆ ಬಂತು, ಮೂಟೆಯ ಮೇಲೆ ಕೂತು ಕೂಗುತ್ತಿದ್ದ ಆಳುಗಳು ಬಂದರು. ಹಳ್ಳ ಯಾವಾಗ ಏರುತ್ತದೆಂದು ಯಾರು ಹೇಳಬಲ್ಲರು? ಲಾರಿ ನಿಂತ ದಿನವೇ ಏರಿದರೆ? ಬಿಗಿಯಾಗಿಯೇ ಕಟ್ಟಿದೆ. ಮರುದಿನವೂ ಕಟ್ಟಿದೆ. ತಿಂಗಳು ಮುಗಿಯುವ ತನಕ ಒಂದು ಸಲವೂ ಲಾರಿ ನಿಲ್ಲಲಿಲ್ಲ. ನಾನು ಮಾಡಿದ್ದು ಸರಿ. ನೂರು ಜನರನ್ನು ಕೇಳಿದರೂ ಸರಿ ಎನ್ನುತ್ತಾರೆ. ಆದರೂ ಆ ತಿಂಗಳಿಂದ ನಾನು ಅಪ್ಪಯ್ಯನ ಜೊತೆ ಕೂತು ಉಣ್ಣುವುದು ಬಿಟ್ಟೆ. ಅವನು ಉಂಡು ಎದ್ದ ಮೇಲೆ ಬರುತ್ತಿದ್ದೆ. ಮುಂದೆ ಅದೇ ರೂಢಿಯಾಯಿತು.

ಅಪ್ಪಯ್ಯ ಆ ಮಾತನ್ನು ಮತ್ತೆ ಎತ್ತಲಿಲ್ಲ. ಕೆಲಸವಿಲ್ಲದ ಎತ್ತನ್ನು ಎಷ್ಟು ದಿನ ಸಾಕುವುದು? ಗದ್ದೆಗೆ ಅಷ್ಟು ದೊಡ್ಡ ಜೊತೆ ಬೇಕಿರಲಿಲ್ಲ. ಬೇಸಿಗೆ ಬರುವ ಮುಂಚೆ ದನದ ಸಂತೆಗೆ ಹೊಡೆದುಕೊಂಡು ಹೋದ, ಬರುವಾಗ ಮೂಗುದಾರ ಮಾತ್ರ ಕೈಯಲ್ಲಿತ್ತು. ಸಾಹುಕಾರರು ಕೆಟ್ಟವರಲ್ಲ. ನನ್ನ ಮುಖ ನೋಡಿ ಅಪ್ಪಯ್ಯನನ್ನು ಲಾರಿಗೆ ಮೂಟೆ ಹೇರುವ ಆಳಾಗಿ ಹಾಕಿಕೊಂಡರು. ಹಾಗೆ ನಾನು ಸಂಚಿ ಕಟ್ಟಿದ ಲಾರಿಯ ಮೇಲೆ, ಇದ್ದಿಲ ಮೂಟೆಗಳ ಮೇಲೆ, ಅಪ್ಪಯ್ಯ ಕೂತು ಹೋಗತೊಡಗಿದ. ಶೆಡ್ಡಿನಲ್ಲಿ ನಾನು ‘ಚಿಕ್ಕ ಮೇಸ್ತ್ರಿ’ ಆಗಿದ್ದೆ. ಆಳುಗಳು ನನ್ನನ್ನು ಕಂಡರೆ ಬೀಡಿ ಬಚ್ಚಿಡುತ್ತಿದ್ದರು. ಒಂದು ದಿನ ಅಪ್ಪಯ್ಯನೂ ಅವರ ನಡುವೆ ಕೂತು ಹೊಗೆಸೊಪ್ಪು ಅಗಿಯುತ್ತಿದ್ದವನು, ನಾನು ಬಂದದ್ದು ಕಂಡು ಎದ್ದು ನಿಂತ. ‘ಕೂತ್ಕೋ ಅಪ್ಪಯ್ಯ’ ಎಂದು ಹೇಳಲು ಬಾಯಿ ಬರಲಿಲ್ಲ. ಬಂದ ಕೆಲಸ ಬಿಟ್ಟು ತಿರುಗಿ ಹೋದೆ.

ಆಮೇಲೆ ಕೆಲಸ ಬಹಳ ಬದಲಾಯಿತು. ಮ್ಯಾಗ್ನೆಟೊ ಹೋಗಿ ಬ್ಯಾಟರಿಯಿಂದಲೇ ಕಿಡಿ ಕೊಡುವ ಹೊಸ ಲಾರಿಗಳು ಬಂದವು. ಅವುಗಳಲ್ಲಿ ಕಿಡಿ ಹಂಚುವ ಕಪ್ಪು ಮುಚ್ಚಳವೊಂದು ಇಂಜಿನ್ನಿನ ಮೇಲೆ ಕೂರುತ್ತದೆ, ಅದಕ್ಕೂ ನೀರೆಂದರೆ ಆಗದು. ಅದಕ್ಕೆ ಬೇರೆ ಅಳತೆಯ ಸಂಚಿ ಹೊಲಿದೆ. ಪೀರ್ ಸಾಬರಿಗೆ ಕಣ್ಣು ಮಂಜಾಗಿ ಅವರು ಕೆಲಸ ಬಿಟ್ಟರು. ಹೋಗುವಾಗ ಸಂಚಿ ಹೊಲಿಯಲೆಂದು ನನಗೆ ತಮ್ಮ ದೊಡ್ಡ ಸೂಜಿ ಕೊಟ್ಟರು. ಯುದ್ಧ ಬಂತು, ಪೆಟ್ರೋಲಿಗೆ ಬರ ಬಂತು. ಕೆಲವರು ಇದ್ದಿಲಿನ ಗ್ಯಾಸಿನಿಂದ ಲಾರಿ ಓಡಿಸಿದರು. ನಮ್ಮ ಸಾಹುಕಾರರು ಎಲ್ಲೆಲ್ಲಿಂದಲೋ ಹಳೆಯ ತುಕ್ಕು ಡಬ್ಬಿಗಳಲ್ಲಿ ಪೆಟ್ರೋಲ್ ತರಿಸಿ ಕೂಡಿಡುತ್ತಿದ್ದರು.

ಆ ಕಾಲದ ಒಂದು ಮಳೆಗಾಲ. ಸಾಹುಕಾರರು ಅಂದು ರಂಗಪ್ಪನ ಪಕ್ಕದಲ್ಲಿ ಕೂತಿದ್ದರು, ಅವರ ಜೊತೆ ಕಾಡು ನೋಡಲು ಬಂದಿದ್ದ ಅವರ ನೆಂಟರು, ಒಬ್ಬ ದೊಡ್ಡ ಮನುಷ್ಯರೂ ಇದ್ದರು. ನಾನು ಮೆಟ್ಟಿಲ ಹಲಗೆಯ ಮೇಲೆ ನಿಂತಿದ್ದೆ. ಅಪ್ಪಯ್ಯ ಮತ್ತು ಮಿಕ್ಕ ಆಳುಗಳು ಮೇಲೆ. ಬೆಲ್ಟ್ ಕಳಚಿ ಜೋಡಿಹಳ್ಳಕ್ಕೆ ಇಳಿದೆವು. ಸರಿಯಾಗಿ ನಡುವೆ ಇಂಜಿನ್ ಎರಡು ಸಲ ಬಿಕ್ಕಿ ನಿಂತಿತು.

ಸಾಹುಕಾರರಿಗೆ ನೆಂಟರ ಎದುರು ಅವಮಾನ. ತಲೆ ಹೊರಗೆ ಹಾಕಿ ನನ್ನ ಮೇಲೆ ಹರಿಹಾಯ್ದರು. ‘ಎಲ್ಲಿ ಹೋಯ್ತೋ ನಿನ್ ಸಂಚಿ? ಉಂಡ ಮನೆಗೆ ದ್ರೋಹ ಮಾಡೋ ಜಾತಿ ನಿಮ್ದು. ಕೈ ಸಡಿಲ ಬಿಟ್ಟಿದೀಯಾ, ನೀರು ಹೋಗೈತೆ. ಇವತ್ತಿಗೆ ನಿನ್ ಲೆಕ್ಕ ಮುಗೀತು.’

ನಾನು ಕಟ್ಟಿದ್ದು ಸರಿಯಾಗಿತ್ತೋ ಇಲ್ಲವೋ ಎಂದು ನನಗೇ ಅನುಮಾನ ಬಂತು. ನಾನು ಇಳಿಯುವ ಮುಂಚೆ ಮೇಲಿಂದ ಅಪ್ಪಯ್ಯ ನೀರಿಗೆ ಹಾರಿದ. ಆ ಹಳ್ಳದ ತಳದಲ್ಲಿ ಎಲ್ಲಿ ಕಲ್ಲಿದೆ, ಎಲ್ಲಿ ಕೆಸರಿದೆ ಎಂದು ಅವನಷ್ಟು ತಿಳಿದವರಿರಲಿಲ್ಲ. ಸೊಂಟಮಟ್ಟದ ನೀರಲ್ಲಿ ಮುಂದೆ ಬಂದು, ಬಾನೆಟ್ ಎತ್ತಿ, ತಲೆಗೆ ಸುತ್ತಿದ ಟವಲಿಗೆ ಕೈ ಒರೆಸಿ, ಸಂಚಿಯ ಬಾಯಿಯಿಂದ ಒಳಗೆ ಬೆರಳು ತೂರಿಸಿದ. ತಡವಿದ. ಕೈ ಹೊರಗೆ ತೆಗೆದು ಸಾಹುಕಾರರಿಗೆ ಕಾಣುವಂತೆ ಮೇಲೆತ್ತಿ ಹಿಡಿದ.

‘ಒಳಗೆ ಒಣಗೈತೆ ಧಣಿ. ಒಂದು ಹನಿ ನೀರಿಲ್ಲ’ ಎಂದ. ‘ಏನಾದ್ರೂ ಬೈರಿ, ಕೈ ಸಡಿಲ ಬಿಟ್ಟ ಅನ್ಬೇಡಿ. ಇವನು ಸಡಿಲ ಕಟ್ಟಲ್ಲ. ಹೆತ್ತಪ್ಪ ಕೇಳಿದ್ರೂ ಕಟ್ಟಲ್ಲ.’

ಸಾಹುಕಾರರಿಗೆ ಆ ಮಾತಿನ ಅರ್ಥ ಆಗಿರಲಾರದು. ಅವರು ತಲೆಯನ್ನು ಒಳಗೆ ಎಳೆದುಕೊಂಡರು. ರಂಗಪ್ಪ ಇಳಿದು ಪೆಟ್ರೋಲ್ ಪೈಪು ಬಿಚ್ಚಿ ಊದಿದ. ಡಬ್ಬಿಯ ತುಕ್ಕು ಕಟ್ಟಿಕೊಂಡಿತ್ತು, ಉಗುಳಿದ. ಹ್ಯಾಂಡಲ್ ಹಾಕಿದ ಎರಡನೆಯ ಸುತ್ತಿಗೆ ಇಂಜಿನ್ ಹೊತ್ತಿತು. ಆಳುಗಳ ಜೊತೆ ಅಪ್ಪಯ್ಯನೂ ಹಿಂದಿನಿಂದ ಭುಜ ಕೊಟ್ಟು ನೂಕಿದ. ಲಾರಿ ದಡ ಹತ್ತಿತು.

ಸಾಹುಕಾರರಿಗೆ ಈಗ ಖುಷಿ ಬಂದಿತ್ತು. ಬೈದದ್ದನ್ನು ಮುಚ್ಚಿಕೊಳ್ಳಬೇಕಿತ್ತು. ನೆಂಟರಿಗೆ ಕೇಳುವಂತೆ ಅಪ್ಪಯ್ಯನಿಗೆ ಹೇಳಿದರು, ‘ನಿನ್ ಎತ್ತಿಗಿಂತ ನಿನ್ ಮಗನೇ ವಾಸಿ ಕಣೋ.’

ಅಪ್ಪಯ್ಯ ಪಂಚೆ ಹಿಂಡಿಕೊಳ್ಳುತ್ತ ನಿಂತಿದ್ದ. ‘ಹೌದು ಧಣಿ. ಇವನಿಗೆ ಹುಲ್ಲು ಹಾಕೋ ಕೆಲಸಾನೂ ಇಲ್ಲ’ ಎಂದ.

ಸಾಹುಕಾರರು ನಕ್ಕರು, ನೆಂಟರು ನಕ್ಕರು, ಆಳುಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟೋ ವರ್ಷಗಳ ಮೇಲೆ ಅಪ್ಪಯ್ಯ ಆ ಹಳ್ಳದಲ್ಲಿ ತಮಾಷೆ ಮಾಡಿದ್ದ. ನಾನು ಬಾನೆಟ್ ಮುಚ್ಚುವ ನೆಪದಲ್ಲಿ ಒಳಗೆ ತಲೆ ಹಾಕಿದೆ. ಅಪ್ಪಯ್ಯ ಪಕ್ಕಕ್ಕೆ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ, ‘ಇವತ್ತು ಒಟ್ಟಿಗೆ ಉಣ್ಣೋಣ ಬಾ’ ಎಂದ. ನಾನು ಹೂಂ ಎಂದೆ, ತಲೆ ಮಾತ್ರ ಹೊರಗೆ ತೆಗೆಯಲಿಲ್ಲ.